ಮಕ್ಕಳಾಗುತ್ತಿಲ್ಲವೇ? ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ

ಮದುವೆಯಾಗಿ ಒಂದು ವರ್ಷ ದಾಟಿದರೆ ಸಾಕು, ಮುಂಬೈಯ ನಮ್ಮ ಕನ್ನಡದವರ ಮನೆಗಳಲ್ಲಿ "ಏನಾದರೂ ವಿಶೇಷ ಉಂಟಾ?" ಎಂದು ಶುರುವಾಗುತ್ತದೆ. ಕೇಳುವುದು ಸೊಸೆಯನ್ನು. ಆಸ್ಪತ್ರೆಗೆ ಕಳಿಸುವುದೂ ಸೊಸೆಯನ್ನೇ. ನಾನಿರುವುದು ಡೊಂಬಿವಲಿಯಲ್ಲಿ. ಊರಿಂದ ಹೊಸದಾಗಿ ಬಂದ ಹುಡುಗಿಯರಿಗೆ ಮರಾಠಿ, ಹಿಂದಿ ಸರಿಯಾಗಿ ಬರುವುದಿಲ್ಲ ಎಂದು ಅವರ ಜೊತೆ ಆಸ್ಪತ್ರೆಗೆ ಹೋಗಿ ಕೂರುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ನಾನು ಡಾಕ್ಟರಲ್ಲ, ಚಿಕಿತ್ಸೆ ಹೇಳುವುದಿಲ್ಲ. ಆದರೆ ಅವರ ಫೈಲುಗಳನ್ನು ನೋಡಿ ನೋಡಿ ಒಂದು ಸಂಗತಿ ಮನಸ್ಸಲ್ಲಿ ಕೂತಿದೆ. ಈ ತಪಾಸಣೆಯಲ್ಲಿ ಮುಖ್ಯವಾದ ಪರೀಕ್ಷೆಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ. ಕೆಡುವುದು ಸರದಿ. ಹೆಂಡತಿಯ ಹೊಟ್ಟೆಗೆ ದುರ್ಬೀನು (ಲ್ಯಾಪರೋಸ್ಕೋಪಿ) ಹಾಕಿ ನೋಡಿಯಾಗಿರುತ್ತದೆ, ಗಂಡನ ವೀರ್ಯ ಪರೀಕ್ಷೆ ಮಾತ್ರ ಇನ್ನೂ ಆಗಿರುವುದಿಲ್ಲ!

ಅದಕ್ಕೇ ಸರದಿ ಪ್ರಕಾರ ಬರೆಯುತ್ತೇನೆ.

1. ತಿಂಗಳುಗಳನ್ನು ಸರಿಯಾಗಿ ಎಣಿಸಿ

ಹೆಂಡತಿಗೆ 35 ವರ್ಷ ಆಗಿಲ್ಲದಿದ್ದರೆ, ಯಾವ ಗರ್ಭನಿರೋಧಕವನ್ನೂ ಬಳಸದೆ 12 ತಿಂಗಳು ಕೂಡಿದ ಮೇಲೂ ಗರ್ಭ ನಿಲ್ಲದಿದ್ದರೆ ತಪಾಸಣೆಗೆ ಹೋಗಬೇಕು. 35 ದಾಟಿದ್ದರೆ 6 ತಿಂಗಳು. 40 ದಾಟಿದ್ದರೆ ಕಾಯುವುದೇ ಬೇಡ. ಮೊದಲ ಮಗು ಇದ್ದು ಎರಡನೆಯದು ಆಗುತ್ತಿಲ್ಲ ಎನ್ನುವವರಿಗೂ ಇದೇ ಲೆಕ್ಕ.

ಇಲ್ಲಿ ಒಂದು ವಿಷಯ ನೋಡಿ. ಎಣಿಸಬೇಕಾದದ್ದು ಮದುವೆಯ ದಿನದಿಂದಲ್ಲ, ಇಬ್ಬರೂ ಒಟ್ಟಿಗೆ ಇದ್ದ ತಿಂಗಳುಗಳನ್ನು. ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಆರು ತಿಂಗಳಿಗೊಮ್ಮೆ ಬರುತ್ತಾನೆ. ಇನ್ನೊಬ್ಬ ಗಲ್ಫ್‌ನಲ್ಲಿ. ಮತ್ತೊಬ್ಬ ಹೋಟೆಲಿನಲ್ಲಿ, ರಾತ್ರಿ ಬರುವಾಗ ಒಂದು ಗಂಟೆ, ಬೆಳಿಗ್ಗೆ ಐದಕ್ಕೆ ಮತ್ತೆ ಹೊರಡಬೇಕು. ಪುಣೆಯ ಹಿಂಜವಡಿಯಲ್ಲಿ ಅವನದು ರಾತ್ರಿ ಪಾಳಿ, ಅವಳದು ಹಗಲು. ಇನ್ನು ಮುಂಬೈಯ ಒಂದು ರೂಮು, ಒಂದು ಕಿಚನ್ನಿನ ಮನೆಯಲ್ಲಿ ಅತ್ತೆ, ಮಾವ, ಮೈದುನ ಎಲ್ಲ ಸೇರಿ ಮಲಗುವಾಗ ಗಂಡ ಹೆಂಡತಿಗೆ ಎಲ್ಲಿದೆ ಜಾಗ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಮೂರು ವರ್ಷವಾಯಿತು, ಮಕ್ಕಳಾಗಿಲ್ಲ" ಎಂದಷ್ಟೇ ಹೇಳುತ್ತಾರೆ, ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ತಿಂಗಳಿಗೆ ಎಷ್ಟು ಸಲ ಕೂಡುತ್ತೀರಿ, ಕೂಡುವಾಗ ನೋವು ಇದೆಯೇ, ಸರಿಯಾಗಿ ಕೂಡಲು ಆಗುತ್ತಿದೆಯೇ ಎಂಬುದನ್ನು ನಾಚಿಕೆ ಬಿಟ್ಟು ಹೇಳಿ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು, ದಿನ ನೋಡಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕೆಲವರು ವರ್ಷ ಕಾಯಬಾರದು. ಮುಟ್ಟು 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರುತ್ತಿದ್ದರೆ, ತಿಂಗಳುಗಟ್ಟಲೆ ಬರದೇ ಇದ್ದರೆ, ಮುಟ್ಟಿನ ನೋವಿಗೆ ಹಾಸಿಗೆ ಹಿಡಿಯುವಂತಿದ್ದರೆ, ಹಿಂದೆ ಟ್ಯೂಬಿನಲ್ಲಿ (ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಹೋಗುವ ನಳಿಕೆಯಲ್ಲಿ) ಗರ್ಭ ಕಟ್ಟಿದ್ದರೆ, ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿದ್ದರೆ, ಯಾವತ್ತಾದರೂ ಕ್ಷಯ ಬಂದಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಈಗಲೇ ಹೋಗಿ. ಗಂಡನಿಗೆ ವಯಸ್ಸಿಗೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದರೆ, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆಗಿದ್ದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ.

ಊರಿಗೆ ಹೋಗಿ ಆಶ್ಲೇಷ ಬಲಿ ಮಾಡಿಸುವವರು ಮಾಡಿಸಲಿ, ನನ್ನ ಆಕ್ಷೇಪ ಏನಿಲ್ಲ. ಆದರೆ 36 ವರ್ಷದವಳು "ಸೇವೆ ಆಗಿದೆ, ಇನ್ನೊಂದು ವರ್ಷ ನೋಡೋಣ" ಎಂದು ಕೂತರೆ ಆ ವರ್ಷ ಯಾರೂ ವಾಪಸ್ ಕೊಡುವುದಿಲ್ಲ. ಎರಡೂ ಒಟ್ಟಿಗೇ ನಡೆಯಲಿ ಬಿಡಿ.

2. ಒಂದು ಚಿಕ್ಕ ಪುಸ್ತಕ ಇಡಿ

ಮೂರು ನಾಲ್ಕು ತಿಂಗಳ ಮುಟ್ಟಿನ ತಾರೀಕು ಬರೆದಿಡಿ. ರಕ್ತ ಸರಿಯಾಗಿ ಹೋಗಲು ಶುರುವಾದ ದಿನವೇ ಮೊದಲ ದಿನ. ಅದಕ್ಕೂ ಮುಂಚೆ ಸ್ವಲ್ಪ ಕಲೆ ಕಂಡದ್ದು ಲೆಕ್ಕಕ್ಕಿಲ್ಲ. ಮುಂದಿನ ಎಲ್ಲ ಪರೀಕ್ಷೆಗೂ ಈ ಮೊದಲ ದಿನವೇ ಆಧಾರ. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ "ಪಾಳೀ ಕಧೀ ಆಲೀ?" ಎಂದು ಕೇಳುವುದು ಇದನ್ನೇ.

14ನೇ ದಿನ ಅಂಡಾಣು ಬರುತ್ತದೆ ಎಂದು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾದರೆ 35 ದಿನಕ್ಕೆ ಮುಟ್ಟಾಗುವವರಿಗೆ ಅದು 21ನೇ ದಿನದ ಹತ್ತಿರ ಬರುತ್ತದೆ. ಅಂಡಾಣು ಬದುಕುವುದು 12ರಿಂದ 24 ಗಂಟೆ ಮಾತ್ರ, ವೀರ್ಯಾಣು ಒಳಗೆ 5 ದಿನದವರೆಗೂ ಇರಬಲ್ಲದು. ಆದ್ದರಿಂದ ಅಂಡಾಣು ಬರುವ ಮುಂಚಿನ ಐದು ದಿನ ಮತ್ತು ಆ ದಿನ, ಇವೇ ಗರ್ಭ ನಿಲ್ಲುವ ದಿನಗಳು. ಮೊಬೈಲ್ ಆ್ಯಪ್ ಹೇಳುವುದು ಬರೀ ಕೂಡುವ ಕಳೆಯುವ ಲೆಕ್ಕ. ನಿಮ್ಮ ಅಂಡಾಶಯದೊಳಗೆ ಅದೇನೂ ಇಣುಕಿ ನೋಡಿರುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರದ ಪಟ್ಟಿ ಸ್ವಲ್ಪ ಪರವಾಗಿಲ್ಲ, ಅದು ಬಣ್ಣ ತೋರಿಸಿದ 24ರಿಂದ 36 ಗಂಟೆಯೊಳಗೆ ಅಂಡಾಣು ಬರುತ್ತದೆ. ಆದರೆ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬರದ ತೊಂದರೆ) ಇದ್ದವರಿಗೆ ಈ ಪಟ್ಟಿ ಸುಮ್ನೆ ಬಣ್ಣ ತೋರಿಸಿ ಮೋಸ ಮಾಡುವುದುಂಟು.

3. ಗಂಡನ ಪರೀಕ್ಷೆ

ಇದು ಮೊದಲೇ ಆಗಬೇಕು. ಹೆಂಗಸರ ಬಗ್ಗೆ ಬರೆಯಲು ಹೊರಟು ಗಂಡಸರ ಪರೀಕ್ಷೆ ಯಾಕೆ ಎನ್ನಬೇಡಿ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣ ಇರುತ್ತದೆ, ಅದೊಂದೇ ಆಗಿರಬಹುದು ಅಥವಾ ಹೆಂಡತಿಯ ಕಾರಣದ ಜೊತೆಗೆ ಸೇರಿರಬಹುದು. ಈ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಹೀಗಿರುವಾಗ ನೋವಿನ ಪರೀಕ್ಷೆಗಳನ್ನೆಲ್ಲ ಹೆಂಡತಿಗೆ ಮಾಡಿಸಿ ಇದನ್ನು ಕೊನೆಗೆ ಇಡುವುದು ಯಾವ ನ್ಯಾಯ? "ನಮ್ಮ ಹುಡುಗನಿಗೆ ಏನೂ ತೊಂದರೆ ಇಲ್ಲ" ಎನ್ನುವ ಅತ್ತೆಯರಿಗೆ ನಾನು ಹೇಳುವುದಿಷ್ಟೇ, ಇಲ್ಲ ಅಂತ ಕಾಗದದಲ್ಲಿ ಬರಲಿ, ಎಲ್ಲರಿಗೂ ಸಮಾಧಾನ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಮಾದರಿ ಒಂದು ಗಂಟೆಯೊಳಗೆ, ಸಾಧ್ಯವಾದರೆ ಅರ್ಧ ಗಂಟೆಯೊಳಗೆ ಲ್ಯಾಬ್ ಸೇರಬೇಕು, ಮೈ ಬಿಸಿಯಲ್ಲೇ ಇರಬೇಕು. ಮನೆಯಲ್ಲಿ ಡಬ್ಬಿ ತುಂಬಿಕೊಂಡು ಡೊಂಬಿವಲಿಯಿಂದ ದಾದರಿಗೆ ಲೋಕಲ್ ಹತ್ತಿದರೆ ಆ ವರದಿಗೆ ಬೆಲೆ ಇಲ್ಲ. ಲ್ಯಾಬಿನಲ್ಲೇ ಪ್ರತ್ಯೇಕ ಕೋಣೆ ಇದೆಯೇ ಎಂದು ಫೋನ್ ಮಾಡಿ ಕೇಳಿ, ಇಲ್ಲದಿದ್ದರೆ ಮನೆ ಹತ್ತಿರದ ಲ್ಯಾಬ್ ಹಿಡಿಯಿರಿ. ಸ್ವಲ್ಪ ಚೆಲ್ಲಿದ್ದರೂ ಹೇಳಿಬಿಡಬೇಕು. ಸಾಮಾನ್ಯ ಕಾಂಡೋಮಿನಲ್ಲಿ ಹಿಡಿದು ತರಬಾರದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1.6 ಕೋಟಿ ವೀರ್ಯಾಣು, ಚಲನೆ ಇರುವವು ಶೇ. 42, ಆಕಾರ ಸರಿ ಇರುವವು ಶೇ. 4. ಕೊನೆಯ ಸಂಖ್ಯೆ ನೋಡಿ ಬೆಚ್ಚಿಬೀಳುವವರೇ ಜಾಸ್ತಿ. ಶೇ. 96 ಕೆಟ್ಟದ್ದು ಅಂತ ಅಲ್ಲ, ಆ ಅಳತೆ ಅಷ್ಟು ಬಿಗಿ. ಒಂದು ಸಲ ಕಡಿಮೆ ಬಂದರೆ ತೀರ್ಮಾನಕ್ಕೆ ಬರಬೇಡಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಈ ನಡುವೆ ಮಲೇರಿಯಾ, ಡೆಂಗ್ಯೂ ಜ್ವರ ಬಂದು ಹೋಗಿದ್ದರೂ ಎಣಿಕೆ ಇಳಿದಿರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಒಂದೂ ಕಾಣದಿದ್ದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ. ಇನ್ನು ಜಿಮ್‌ನಲ್ಲಿ ಮೈ ಬೆಳೆಸಲು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರಿದ್ದಾರಲ್ವಾ, ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು. ಗಂಡಸುತನಕ್ಕೆಂದು ತೆಗೆದುಕೊಂಡದ್ದು ಹೀಗಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗುಟ್ಕಾ, ಸಿಗರೇಟು, ಹೋಟೆಲ್ ಭಟ್ಟಿಯ ಮುಂದೆ ದಿನವಿಡೀ ನಿಲ್ಲುವ ಕೆಲಸ, ಇವನ್ನೂ ಡಾಕ್ಟರಿಗೆ ಹೇಳಿ.

4. ಮೊದಲ ಭೇಟಿ

ಇಬ್ಬರೂ ಹೋಗಿ. ಅತ್ತೆ ಬರುತ್ತೇನೆಂದರೆ ಹೊರಗೆ ಕೂತಿರಲಿ. ಡಾಕ್ಟರು ತೂಕ, ಬಿಪಿ, ಥೈರಾಯ್ಡ್ ನೋಡುತ್ತಾರೆ, ಮುಖದ ಮೇಲೆ ಕೂದಲು ಇದೆಯೇ, ಎದೆಯಿಂದ ಹಾಲಿನಂಥದ್ದು ಬರುತ್ತದೆಯೇ ಎಂದು ಕೇಳುತ್ತಾರೆ, ಒಳ ಪರೀಕ್ಷೆಯನ್ನೂ ಮಾಡಬಹುದು. ಹಿಂದೆ ಗರ್ಭಪಾತ ಮಾಡಿಸಿಕೊಂಡಿದ್ದು, ಸೋಂಕು ಆಗಿದ್ದು, ಗಂಡನಿಗೆ ಗೊತ್ತಿಲ್ಲದ ಯಾವುದೇ ವಿಷಯ ಇದ್ದರೆ "ಒಬ್ಬಳೇ ಮಾತಾಡಬೇಕು" ಎಂದು ಕೇಳಿ. ಆ ಮಾಹಿತಿ ಟ್ಯೂಬಿನ ಪರೀಕ್ಷೆ ಬೇಗ ಬೇಕೇ ಎಂಬುದನ್ನೇ ಬದಲಿಸುತ್ತದೆ. ನನ್ನಂಥವಳು ಭಾಷೆಗೆಂದು ಜೊತೆಗೆ ಬಂದಿದ್ದರೆ ಅವಳನ್ನೂ ಹೊರಗೆ ಕಳಿಸಿ, ಬೇಸರ ಮಾಡಿಕೊಳ್ಳುವುದಿಲ್ಲ. ಮುಂಬೈ, ಪುಣೆಯ ಆಸ್ಪತ್ರೆಗಳಲ್ಲಿ ಕನ್ನಡ ಬರುವ ನರ್ಸ್ ಒಬ್ಬರಾದರೂ ಸಿಗುವುದುಂಟು, ಕೇಳಿ ನೋಡಿ.

ಫೋಲಿಕ್ ಆಸಿಡ್ ಅವತ್ತೇ ಶುರು ಮಾಡಬಹುದು, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅಂಗಡಿಯಲ್ಲಿ 5 ಮಿಲಿಗ್ರಾಂನದೇ ಕೊಟ್ಟುಬಿಡುತ್ತಾರೆ, ನಿಮಗೆ ಎಷ್ಟು ಬೇಕೆಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ರುಬೆಲ್ಲಾ ಲಸಿಕೆ ಬೇಕಾದರೆ ಅದೂ ಈಗಲೇ ಆಗಲಿ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲಬಾರದು. ಥಲಸ್ಸೆಮಿಯಾ (ವಂಶವಾಹಿಯಾಗಿ ಬರುವ ರಕ್ತದ ರೋಗ) ತಪಾಸಣೆಯೂ ಇದೇ ಹೊತ್ತಿಗೆ.

5. ರಕ್ತ ಪರೀಕ್ಷೆಗಳು

ಎಫ್‌ಎಸ್‌ಎಚ್, ಎಸ್ಟ್ರಾಡಯಾಲ್ ಎಂಬ ಹಾರ್ಮೋನುಗಳು ಅಂಡಾಶಯದ ಸ್ಥಿತಿ ಹೇಳುತ್ತವೆ, ಇವೆರಡಕ್ಕೂ ಮುಟ್ಟಿನ 2 ಅಥವಾ 3ನೇ ದಿನ ರಕ್ತ ಕೊಡಬೇಕು. ಆ ದಿನ ಭಾನುವಾರ ಬಂದರೆ, ಮಳೆಗೆ ಲೋಕಲ್ ನಿಂತರೆ ಗಾಬರಿ ಬೇಡ, 4ನೇ ದಿನವೂ ನಡೆಯುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಯಾವ ದಿನವಾದರೂ ಆದೀತು. ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಮಾತ್ರ ಸೂಕ್ಷ್ಮ. ಓಡಿ ಬಂದು, ಗಾಬರಿಯಲ್ಲಿ ಸೂಜಿ ಚುಚ್ಚಿಸಿಕೊಂಡರೂ ಏರುತ್ತದೆ. ಆಸಿಡಿಟಿಗೆಂದು ನಾವು ಕೇಳದೇ ನುಂಗುವ ಮಾತ್ರೆಗಳಲ್ಲಿ ಎಷ್ಟೋ ಕಡೆ ಡಾಂಪೆರಿಡೋನ್ ಸೇರಿರುತ್ತದೆ, ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಹಾರ್ಮೋನ್ ವರದಿಗಳನ್ನೇ ತಪ್ಪಿಸಬಲ್ಲದು. ಏನೇನು ನುಂಗುತ್ತೀರಿ ಎಂದು ಎಲ್ಲವನ್ನೂ ಮೊದಲೇ ಹೇಳಿ.

ಪ್ರೊಜೆಸ್ಟೆರಾನ್ ಪರೀಕ್ಷೆಯಿಂದ ಅಂಡಾಣು ಬಂತೇ ಇಲ್ಲವೇ ಎಂದು ತಿಳಿಯುತ್ತದೆ. ಚೀಟಿಯಲ್ಲಿ "21ನೇ ದಿನ" ಎಂದು ಬರೆದಿರುತ್ತಾರೆ. ಮತ್ತೆ ಅದೇ 28 ದಿನದವರ ಲೆಕ್ಕ. ಸರಿಯಾದ ದಿನ ಎಂದರೆ ಮುಂದಿನ ಮುಟ್ಟಿಗೆ 7 ದಿನ ಮೊದಲು, 35 ದಿನದವರಿಗೆ ಅದು 28ನೇ ದಿನ. ತಪ್ಪು ದಿನ ರಕ್ತ ಕೊಟ್ಟು "ಅಂಡಾಣು ಬರುತ್ತಿಲ್ಲ" ಎಂಬ ವರದಿ ಹಿಡಿದುಕೊಂಡು ಅತ್ತವರಿದ್ದಾರೆ. ಒಂದು ಮಿಲಿಗೆ 3 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಅಂಡಾಣು ಬಂದಿದೆ ಎಂದರ್ಥ.

ಇನ್ನು ಎಎಂಎಚ್. ಈಗಿನ ದಿನಗಳಲ್ಲಿ ಹೆಂಗಸರನ್ನು ಹೆದರಿಸುವ ಪರೀಕ್ಷೆ ಎಂದರೆ ಇದೇ. ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂಬ ಅಂದಾಜು ಇದರಿಂದ ಸಿಗುತ್ತದೆ, ಅವು ಚೆನ್ನಾಗಿವೆಯೇ ಎಂಬುದು ಸಿಗುವುದಿಲ್ಲ. ಐವಿಎಫ್‌ಗೆ (ಅಂಡಾಣು, ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಎಂದು ಲೆಕ್ಕ ಹಾಕಲು ಇದು ಬೇಕು. ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಎಂದು ಇದನ್ನು ನೋಡಿ ಹೇಳಲು ಬರುವುದಿಲ್ಲ. 28ರ ಹುಡುಗಿಗೆ ಎಎಂಎಚ್ ಕಡಿಮೆ ಇದ್ದು ಮುಟ್ಟು ಸರಿಯಾಗಿ ಬರುತ್ತಿದ್ದರೆ ಅವಳಿಗೆ ಸಹಜವಾಗಿಯೇ ಮಗು ಆಗಬಹುದು. ದಾಸ್ತಾನು ಕಡಿಮೆ ಇರುವುದರಿಂದ ಮುಂದೂಡುತ್ತಾ ಕೂರಬಾರದು, ಅಷ್ಟೇ. 39ರ ಹೆಂಗಸಿಗೆ ಎಎಂಎಚ್ ಚೆನ್ನಾಗಿದ್ದರೂ ಅಂಡಾಣುವಿನ ವಯಸ್ಸು 39ರದ್ದೇ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಸಂಖ್ಯೆ ತಗ್ಗಿ ಕಾಣುತ್ತದೆ.

ಟಾರ್ಚ್ ಎಂಬ ಸೋಂಕಿನ ಪ್ಯಾಕೇಜು, ಸಿಎ-125 ಎಂಬ ರಕ್ತ ಪರೀಕ್ಷೆ, ವೀರ್ಯಾಣು ವಿರೋಧಿ ಪ್ರತಿಕಾಯ, ಇವು ಎಲ್ಲರಿಗೂ ಬೇಕಾದ ಪರೀಕ್ಷೆಗಳಲ್ಲ. ಬರೆದುಕೊಟ್ಟರೆ ಕೇಳಿ: "ಇದರ ಉತ್ತರ ಹೌದು ಎಂದು ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ?" ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

6. ಸೋನೋಗ್ರಫಿ

ಊರಲ್ಲಿ ಹೊಟ್ಟೆ ಮೇಲೆ ಮಾಡುವ ಸ್ಕ್ಯಾನಿಂಗ್‌ಗೆ ನೀರು ಕುಡಿದು ಕಾಯಬೇಕು. ಇದಕ್ಕೆ ಬೇಡ, ಮೂತ್ರ ಮಾಡಿ ಬಂದು ಮಲಗಬೇಕು, ಏಕೆಂದರೆ ತೆಳು ಕಡ್ಡಿಯಂಥದ್ದನ್ನು ಯೋನಿಯೊಳಗಿಂದ ಹಾಕಿ ನೋಡುತ್ತಾರೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ. ಹೆಂಗಸು ಸಿಬ್ಬಂದಿ ಜೊತೆಗಿರಲಿ ಎಂದು ಕೇಳಬಹುದು. ಮುಟ್ಟಿನ ಎರಡು ಮೂರನೇ ದಿನ ಮಾಡಿದರೆ ಎರಡೂ ಅಂಡಾಶಯದಲ್ಲಿ ಎಷ್ಟು ಪುಟ್ಟ ಕೋಶಗಳಿವೆ ಎಂದು ಎಣಿಸಬಹುದು. ಗಡ್ಡೆ ಇದ್ದರೆ ಕಾಣುತ್ತದೆ. ಗರ್ಭಕೋಶದ ಹೊರಗೋಡೆಯ ಗಡ್ಡೆಗಳು ಸಾಮಾನ್ಯವಾಗಿ ಗರ್ಭಕ್ಕೆ ಅಡ್ಡ ಬರುವುದಿಲ್ಲ, ಒಳಗಿನ ಪೊಳ್ಳಿಗೆ ಚಾಚಿಕೊಂಡದ್ದು ಅಡ್ಡಿ.

"ಪಿಸಿಓ ಇದೆ" (ಅಂಡಾಶಯದಲ್ಲಿ ಪುಟ್ಟ ಕೋಶಗಳು ತುಂಬಾ ಇವೆ) ಎಂದು ಸೋನೋಗ್ರಫಿಯಲ್ಲಿ ಬರೆದ ಮಾತ್ರಕ್ಕೆ ಪಿಸಿಓಎಸ್ ಆಗಲಿಲ್ಲ. ಮುಟ್ಟು ತಡವಾಗುವುದು, ಗಂಡು ಹಾರ್ಮೋನು ಜಾಸ್ತಿ ಇರುವ ಲಕ್ಷಣ, ಅಂಡಾಶಯದ ಆ ರೂಪ, ಈ ಮೂರರಲ್ಲಿ ಎರಡಾದರೂ ಇರಬೇಕು. ಅದೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಕಾರಣ ಅಲ್ಲ ಎಂದು ನೋಡಿಕೊಂಡ ಮೇಲೆ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ವಯಸ್ಕರಲ್ಲಿ ಸೋನೋಗ್ರಫಿಯ ಬದಲು ಎಎಂಎಚ್ ಕೂಡ ನೋಡಬಹುದು. ಮೈ ಭಾರ ಇದ್ದವರಿಗೆ ಶೇ. 5ರಿಂದ 10ರಷ್ಟು ತೂಕ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿ ಹೋಗುತ್ತದೆ. ಅಂಡಾಣು ಬರಿಸಲು ಮಾತ್ರೆ ಬೇಕಾದರೆ ಈಗ ಮೊದಲು ಕೊಡುವುದು ಲೆಟ್ರೊಝೋಲ್.

7. ಟ್ಯೂಬು ತೆರೆದಿದೆಯೇ?

ಇಲ್ಲಿಗೆ ಬರುವ ಹೊತ್ತಿಗೆ ಗಂಡನ ವರದಿ ಕೈಯಲ್ಲಿರಬೇಕು. ಎಚ್‌ಎಸ್‌ಜಿ ಎಂದರೆ ಗರ್ಭಕೋಶದ ಬಾಯಿಂದ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವುದು. ರಕ್ತ ನಿಂತ ಮೇಲೆ, ಅಂಡಾಣು ಬರುವ ಮುಂಚೆ, ಅಂದರೆ ಹೆಚ್ಚಿನವರಿಗೆ 6ರಿಂದ 10ನೇ ದಿನದ ಒಳಗೆ. ಆ ಮುಟ್ಟಿನ ಮೊದಲ ದಿನದಿಂದ ಪರೀಕ್ಷೆ ಮುಗಿಯುವವರೆಗೆ ಕೂಡಬಾರದು. ಅಯೋಡಿನ್ ದ್ರವದ ಅಲರ್ಜಿ ಇದ್ದರೆ ಹೇಳಿ. ನೋವಿನ ಮಾತ್ರೆಯನ್ನು ಒಂದು ಗಂಟೆ ಮುಂಚೆ ನುಂಗಲು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ, ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ. ಕೆಲವೇ ನಿಮಿಷದ ಕೆಲಸ, ಆದರೆ ನೋವು ಮುಟ್ಟಿನ ನೋವಿಗಿಂತ ಜೋರಾಗಿಯೇ ಇರಬಹುದು. ಅವತ್ತು ಒಬ್ಬರೇ ಹೋಗಬೇಡಿ, ಸಂಜೆಯ ಲೋಕಲಿನಲ್ಲಿ ನಿಂತುಕೊಂಡು ಬರಬೇಡಿ, ರಿಕ್ಷಾಕ್ಕೋ ಟ್ಯಾಕ್ಸಿಗೋ ದುಡ್ಡು ಇಟ್ಟುಕೊಳ್ಳಿ. ಪ್ಯಾಡ್ ಜೊತೆಗಿರಲಿ. ಜ್ವರ ಬಂದರೆ, ದುರ್ವಾಸನೆಯ ಸ್ರಾವವಾದರೆ ಅವತ್ತೇ ಫೋನ್ ಮಾಡಿ. ಎಕ್ಸ್‌ರೇ ಬದಲು ಉಪ್ಪುನೀರು ಬಿಟ್ಟು ಸೋನೋಗ್ರಫಿಯಲ್ಲೇ ನೋಡುವ ಕ್ರಮವೂ ಇದೆ.

ಎರಡೂ ಟ್ಯೂಬು ಗರ್ಭಕೋಶದ ಬುಡದಲ್ಲೇ ಬಂದ್ ಎಂದು ಬಂದರೆ ತಕ್ಷಣ ನಂಬಬೇಡಿ. ನೋವಿಗೆ ಟ್ಯೂಬು ಬಿಗಿದುಕೊಂಡರೂ ಹಾಗೇ ಕಾಣುತ್ತದೆ. ತುದಿಯಲ್ಲಿ ಮುಚ್ಚಿ ನೀರು ತುಂಬಿ ಊದಿದ್ದರೆ ಅದು ಬೇರೆ ವಿಷಯ. ಆ ನೀರು ಐವಿಎಫ್‌ನ ಯಶಸ್ಸನ್ನೂ ಸುಮಾರು ಅರ್ಧಕ್ಕೆ ಇಳಿಸುತ್ತದೆ, ಹಾಗಾಗಿ ಮೊದಲು ಆ ಟ್ಯೂಬನ್ನು ತೆಗೆಯುವುದೋ ಕಟ್ಟುವುದೋ ಮಾಡುತ್ತಾರೆ. ದುರ್ಬೀನು ಬೇಕಾಗುವುದು ಇಂಥ ಸಂದೇಹ ಇದ್ದಾಗ, ಅಥವಾ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ರೋಗ) ಲಕ್ಷಣ ಜೋರಾಗಿದ್ದಾಗ. ಎಲ್ಲರಿಗೂ ಬೇಡ.

8. ಕ್ಷಯವನ್ನು ಮರೆಯಬೇಡಿ

ನಮ್ಮ ದೇಶದಲ್ಲಿ ಟ್ಯೂಬು ಹಾಳಾಗಲು ಗರ್ಭಾಂಗದ ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮು ಇರುವುದಿಲ್ಲ, ಎದೆ ಎಕ್ಸ್‌ರೇ ಚೆನ್ನಾಗಿರುತ್ತದೆ, ಎಷ್ಟೋ ಸಲ ಮಕ್ಕಳಾಗದಿರುವುದೇ ಅದರ ಒಂದೇ ಲಕ್ಷಣ. ಕೆಲವರಿಗೆ ಮುಟ್ಟು ತೀರಾ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾ ಶ್ವಾಸಕೋಶದಿಂದ ರಕ್ತದ ಮೂಲಕ ಹೋಗಿ ಟ್ಯೂಬಿನಲ್ಲಿ ಕೂರುತ್ತದೆ, ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ. ಚಾಳಿನ ಇಕ್ಕಟ್ಟಾದ ಕೋಣೆಗಳಲ್ಲಿ, ಗೋವಾದ ವಾಸ್ಕೋ ಕಡೆ ಕೆಲಸಕ್ಕೆಂದು ಬಂದು ಒಂದೇ ಖೋಲಿಯಲ್ಲಿ ಹತ್ತು ಜನ ಇರುವ ನಮ್ಮ ಉತ್ತರ ಕರ್ನಾಟಕದವರ ನಡುವೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತೇ ಎಂದು ನೆನಪು ಮಾಡಿಕೊಂಡು ಹೇಳಿ. ಮುಚ್ಚಿಟ್ಟರೆ ನಷ್ಟ ನಿಮಗೇ.

ಪರೀಕ್ಷೆಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಜೀನ್‌ಎಕ್ಸ್‌ಪರ್ಟ್ (ಕ್ಷಯದ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಕಳಿಸುತ್ತಾರೆ. ಕಲ್ಚರ್ ಬರಲು ವಾರಗಟ್ಟಲೆ ಬೇಕು. ಪಿಸಿಆರ್ (ಇದೂ ಜೀನ್ ಹುಡುಕುವ ಪರೀಕ್ಷೆಯೇ) ಒಂದೇ ಪಾಸಿಟಿವ್ ಬಂದು ಬೇರೆ ಯಾವ ಪುರಾವೆಯೂ ಇಲ್ಲದಿದ್ದರೆ, ಅಷ್ಟಕ್ಕೇ ಆರು ತಿಂಗಳ ಔಷಧಿ ಶುರು ಮಾಡುವ ಮುಂಚೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಖಚಿತವಾದರೆ ಪೂರ್ತಿ ಕೋರ್ಸ್ ಮುಗಿಸಲೇಬೇಕು. ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಔಷಧಿ ಉಚಿತ.

9. ವರದಿಗಳೆಲ್ಲ ಬಂದ ಮೇಲೆ

ಶೇ. 15ರಿಂದ 30ರಷ್ಟು ದಂಪತಿಗಳಲ್ಲಿ ಎಲ್ಲವೂ ಸರಿ ಎಂದೇ ಬರುತ್ತದೆ, ಆದರೂ ಮಗು ಆಗಿರುವುದಿಲ್ಲ. ಕಾರಣ ಸಿಗಲಿಲ್ಲ ಎಂದರೆ ದಾರಿಯೇ ಇಲ್ಲ ಎಂದಲ್ಲ. ವಯಸ್ಸು ಕಡಿಮೆ ಇದ್ದರೆ ಇನ್ನು ಸ್ವಲ್ಪ ಸಮಯ ನೋಡಬಹುದು, ಮಾತ್ರೆ ಮತ್ತು ಐಯುಐ (ಲ್ಯಾಬಿನಲ್ಲಿ ತಯಾರು ಮಾಡಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವುದು) ಮಾಡಬಹುದು. ಐಯುಐಗೆ ಒಂದಾದರೂ ಟ್ಯೂಬು ತೆರೆದಿರಬೇಕು. ಅದನ್ನು ನೋಡದೆಯೇ ಐಯುಐ ಮೇಲೆ ಐಯುಐ ಮಾಡಿಸಿಕೊಂಡ ಫೈಲುಗಳೂ ಇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಲ್ಲಿಗೆ ಹೋಗುವುದು? 1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ಅವರ ತಂಡದ ಕೆಲಸದಿಂದ ಪ್ರನಾಳ ಶಿಶು ಹುಟ್ಟಿತು. ಅದು ಪಾಲಿಕೆಯ ಆಸ್ಪತ್ರೆ. ನಮ್ಮವರು ಮಾತ್ರ ಸಾಲ ಮಾಡಿ ನೇರವಾಗಿ ಹವಾನಿಯಂತ್ರಿತ ಕ್ಲಿನಿಕ್ಕಿಗೇ ಹೋಗುತ್ತಾರೆ. ಮೇಲೆ ಹೇಳಿದ ಮೂಲ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಕೆಇಎಂ, ಪುಣೆಯ ಸಸೂನ್, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಂಥ ಕಡೆ ಕಡಿಮೆ ದುಡ್ಡಿನಲ್ಲಿ ಮಾಡಿಸಬಹುದು. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಅದು ನಿಜ.

ಖಾಸಗಿ ಕ್ಲಿನಿಕ್ಕಿಗೆ ಹೋದರೆ 2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆಯ ಕೆಳಗೆ ನೋಂದಣಿ ಇದೆಯೇ ಎಂದು ನೋಡಿ. ಅದೇ ಕಾಯ್ದೆ ಪ್ರಕಾರ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದೊಳಗೆ ಮಾತ್ರ ಐವಿಎಫ್‌ನಂಥ ಚಿಕಿತ್ಸೆ ಕೊಡಬಹುದು. ಮೊದಲ ದಿನವೇ ಪ್ಯಾಕೇಜಿಗೆ ಸಹಿ ಹಾಕಬೇಡಿ. "ಯಶಸ್ಸು ಶೇಕಡಾ ಇಷ್ಟು" ಎಂದರೆ ಅದು ಗರ್ಭ ನಿಂತದ್ದೋ, ಮಗು ಕೈಗೆ ಬಂದದ್ದೋ, ನಿಮ್ಮ ವಯಸ್ಸಿನವರಲ್ಲಿ ಎಷ್ಟು ಎಂದು ಕೇಳಿ. ವೀರ್ಯ ವರದಿ, ಹಾರ್ಮೋನ್ ವರದಿ, ಎಚ್‌ಎಸ್‌ಜಿ ಫಿಲ್ಮ್, ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ, ಎಲ್ಲದರ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಅರ್ಧ ಊರಲ್ಲಿ, ಅರ್ಧ ಇಲ್ಲಿ ಎಂದು ಹಂಚಿಹೋದರೆ ಹೊಸ ಡಾಕ್ಟರು ಎಲ್ಲವನ್ನೂ ಮೊದಲಿಂದ ಬರೆಯುತ್ತಾರೆ. ತಾರೀಕಿನ ಪ್ರಕಾರ ಜೋಡಿಸಿ, ಪ್ರತಿಯೊಂದರ ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ಹಾಕಿಡಿ.